ದೂರು ತಂತ್ರಾಂಶದಲ್ಲಿ ಅಧಿಕಾರ ಶ್ರೇಣಿ

ಯಾರು ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಎಂಬ ಮಾಹಿತಿಯನ್ನು ದೂರು, ಅರ್ಜಿ ಅಥವಾ ದೋಷವರದಿಗಳ ದಾಖಲೆಯೊಂದಿಗೆ ಕೂಡಿಸಿ ಹುಡುಕುವ ಕ್ರಮ. ಬಾಕಿ ಅರ್ಜಿಗಳು ಎಷ್ಟಿವೆ ಎಂದು ಕೇಳಿದರೆ ಯಾವ ದೂರು ತಂತ್ರಾಂಶವಾದರೂ ಎಣಿಸಿ ಹೇಳುತ್ತದೆ. ಬೇಲೂರು ತಹಸೀಲ್ದಾರರ ಅಧೀನದಲ್ಲಿರುವ ಎಲ್ಲರ ಬಳಿ ಸೇರಿ ಎಷ್ಟು ಬಾಕಿ ಎಂದು ಕೇಳಿದರೆ ಅದಕ್ಕೆ ಅರ್ಜಿಯ ಜೊತೆಗೆ ಕಚೇರಿಯೂ ಗೊತ್ತಿರಬೇಕಾಗುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ಮ್ಯಾನೇಜರುಗಳ ದಿನನಿತ್ಯದ ಪ್ರಶ್ನೆ. ಅಲ್ಲಿ ಒಂದೊಂದು ದೂರಿಗೂ ‘ಟಿಕೆಟ್’ ಎನ್ನುತ್ತಾರೆ. ಆದರೆ ಹಳ್ಳಿಯವರಿಗೆ ನೇರವಾಗಿ ತಟ್ಟುವುದು ಸರ್ಕಾರಿ ಅಹವಾಲು ವ್ಯವಸ್ಥೆಗಳಲ್ಲಿ ಈ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದು.

ಹಗರೆಯಿಂದ ನೋಡಿದರೆ

ಹಾಸನ–ಬೇಲೂರು ರಸ್ತೆಯ ಮೇಲಿರುವ ಹಗರೆ ಬೇಲೂರು ತಾಲ್ಲೂಕಿನ ಊರು. ಹಳೇಬೀಡಿಗೆ ಹೋಗುವವರು ಹಾಯುವ ಜಾಗ. ಇಲ್ಲಿಯ ರೈತರೊಬ್ಬರ ಪಹಣಿಯಲ್ಲಿ ಹೆಸರು ತಪ್ಪಿದೆ ಎಂದುಕೊಳ್ಳೋಣ. ಅರ್ಜಿ ಮೊದಲು ಮುಟ್ಟುವುದು ಗ್ರಾಮ ಆಡಳಿತ ಅಧಿಕಾರಿಯನ್ನು. ಅವರ ಮೇಲೆ ಕಂದಾಯ ನಿರೀಕ್ಷಕರು, ನಾಡಕಚೇರಿಯ ಉಪತಹಸೀಲ್ದಾರರು, ಬೇಲೂರಿನ ತಹಸೀಲ್ದಾರರು, ಸಕಲೇಶಪುರದ ಉಪವಿಭಾಗಾಧಿಕಾರಿ, ಹಾಸನದ ಜಿಲ್ಲಾಧಿಕಾರಿ, ಮೈಸೂರಿನ ಪ್ರಾದೇಶಿಕ ಆಯುಕ್ತರು. ಪಕ್ಕದ ಅರಸೀಕೆರೆ ತಾಲ್ಲೂಕಿನ ಅರ್ಜಿ ಹತ್ತುವ ಏಣಿಯೂ ಇಂಥದೇ. ಆದರೆ ಆ ತಾಲ್ಲೂಕು ಹಾಸನ ಉಪವಿಭಾಗಕ್ಕೆ ಸೇರಿದ್ದರಿಂದ ಎರಡೂ ಅರ್ಜಿಗಳನ್ನು ಒಟ್ಟಿಗೆ ನೋಡಬಲ್ಲ ಮೊದಲ ಅಧಿಕಾರಿ ಜಿಲ್ಲಾಧಿಕಾರಿಯೇ. ಎರಡು ಕೊಂಬೆಗಳು ಮೊದಲು ಕೂಡುವ ಗಂಟು ಯಾವುದು ಎಂಬುದು ಗಣಕಶಾಸ್ತ್ರದಲ್ಲಿ ಬಹಳ ಚರ್ಚೆಯಾದ ಲೆಕ್ಕ. ಇಬ್ಬರು ಅಧಿಕಾರಿಗಳ ನಡುವೆ ಸಿಕ್ಕಿಬಿದ್ದ ದೂರನ್ನು ಯಾರ ಮುಂದಿಡಬೇಕು ಎನ್ನುವಾಗ ತಂತ್ರಾಂಶ ಮಾಡಬೇಕಾದದ್ದೂ ಅದೇ ಲೆಕ್ಕ.

ಅದೇ ರೈತರ ಮನೆಯ ಮುಂದಿನ ಬೀದಿದೀಪ ಕೆಟ್ಟರೆ ಏಣಿ ಬೇರೆ. ದೀಪ ಗ್ರಾಮ ಪಂಚಾಯಿತಿಯದು: ಪಿಡಿಒ, ತಾಲ್ಲೂಕು ಪಂಚಾಯಿತಿಯ ಇಒ, ಜಿಲ್ಲಾ ಪಂಚಾಯಿತಿಯ ಸಿಇಒ. ತಂತಿಯಲ್ಲಿ ಕರೆಂಟೇ ಇಲ್ಲದಿದ್ದರೆ ಸೆಸ್ಕ್, ಅಂದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ: ಲೈನ್‌ಮನ್, ಶಾಖಾಧಿಕಾರಿ, ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್, ಅಧೀಕ್ಷಕ ಎಂಜಿನಿಯರ್. ಕಂಬ ಹೆದ್ದಾರಿಯ ಬದಿಯಲ್ಲಿದ್ದರೆ ರಸ್ತೆಯವರೂ ಬರುತ್ತಾರೆ. ಒಂದೇ ಕಂಬಕ್ಕೆ ಅಧಿಕಾರದ ಮೂರು ಮರ.

ಈ ಮರಗಳ ನಡುವೆ ಪದಗಳೂ ಕಾಲು ಎಳೆಯುತ್ತವೆ. ಕಂದಾಯ ಇಲಾಖೆಯಲ್ಲಿ ‘ಉಪವಿಭಾಗ’ ಎಂದರೆ ಹಲವು ತಾಲ್ಲೂಕು; ವಿದ್ಯುತ್ ಕಂಪನಿಯಲ್ಲಿ ಅದು ಒಂದು ತಾಲ್ಲೂಕಿನಷ್ಟು ಅಥವಾ ಅದಕ್ಕಿಂತ ಚಿಕ್ಕದು. ‘ವೃತ್ತ’ ಇನ್ನೂ ಮೋಜಿನದು. ಕಂದಾಯದವರಿಗೆ ಅದು ಗ್ರಾಮ ಆಡಳಿತ ಅಧಿಕಾರಿಯ ವ್ಯಾಪ್ತಿ, ಅಂದರೆ ಅತಿ ಸಣ್ಣ ಘಟಕ. ವಿದ್ಯುತ್ತಿನವರಿಗೆ ಅಧೀಕ್ಷಕ ಎಂಜಿನಿಯರ್ ಕೂರುವ ದೊಡ್ಡ ಘಟಕ. ಪೊಲೀಸರಿಗೆ ಸರ್ಕಲ್ ಇನ್‌ಸ್ಪೆಕ್ಟರರ ಎಲ್ಲೆ. ಇಲಾಖೆಯ ಹೆಸರನ್ನು ಜೊತೆಗಿಡದೆ ‘ವೃತ್ತ’ವೊಂದನ್ನೇ ಹಿಡಿದು ಕೋಷ್ಟಕಗಳನ್ನು ಬೆಸೆದವರಿಗೆ ಹತ್ತು ಹಳ್ಳಿಯ ಲೆಕ್ಕವೂ ಒಂದು ಜಿಲ್ಲೆಯ ಲೆಕ್ಕವೂ ಒಂದೇ ಸಾಲಿನಲ್ಲಿ ಬಂದು ಕೂತಿರುತ್ತವೆ.

ಮರದ ಚರಿತ್ರೆ

ಅಧಿಕಾರ ಶ್ರೇಣಿಯನ್ನು ಚಿತ್ರವಾಗಿ ಬರೆದ ಆರಂಭದ ಪ್ರಸಿದ್ಧ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಯದು. ಅದರ ಸೂಪರಿಂಟೆಂಡೆಂಟ್ ಡೇನಿಯಲ್ ಮೆಕ್‌ಕ್ಯಾಲಮ್ 1855ರಲ್ಲಿ ಇದನ್ನು ಮಾಡಿಸಿದರು. ಆ ಚಿತ್ರದಲ್ಲಿ ಆಡಳಿತ ಮಂಡಳಿ ಬುಡದಲ್ಲಿದೆ. ರೈಲು ಮಾರ್ಗಗಳೂ ಸಿಬ್ಬಂದಿಯೂ ಕೊಂಬೆ–ಎಲೆಗಳಾಗಿ ಮೇಲಕ್ಕೆ ಹರಡಿವೆ. ಇಂದಿನ ಕಂಪನಿಗಳ ಚಿತ್ರದಲ್ಲಿ ಬೇರು ಮೇಲೆ, ಎಲೆ ಕೆಳಗೆ. ಗೀತೆಯ ಊರ್ಧ್ವಮೂಲದ ಅಶ್ವತ್ಥವನ್ನು ಬಲ್ಲ ನಮ್ಮವರಿಗೆ ಅದೇನೂ ವಿಚಿತ್ರವಾಗಿ ಕಾಣಬೇಕಿಲ್ಲ.

ಚಿತ್ರ ಹೊಸದು, ಶ್ರೇಣಿ ಹಳೆಯದು. ಹೊಯ್ಸಳರ ಶಾಸನಗಳಲ್ಲಿ ಮಹಾಪ್ರಧಾನ, ದಂಡನಾಯಕ, ಹೆಗ್ಗಡೆ, ಸೇನಬೋವ ಮೊದಲಾದ ಅಧಿಕಾರ ಪದಗಳು ಹೇರಳ. ಶ್ರವಣಬೆಳಗೊಳದಲ್ಲಿ 1159ರ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳನಿಗೆ ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಎಂಬ ಪದವಿಗಳಿದ್ದವು. ಒಬ್ಬನ ಮೇಲೆ ಹಲವು ಹುದ್ದೆ ಎಂಬ ಇಂದಿನ ತಲೆನೋವು ಹಾಸನ ಜಿಲ್ಲೆಗೆ ಹೊಸದೇನಲ್ಲ. ಹಳೆಯ ಮೈಸೂರಿನಲ್ಲಿ ಏಣಿ ಶಾನುಭೋಗ, ಶೇಕದಾರ, ಅಮಲ್ದಾರ, ಡೆಪ್ಯುಟಿ ಕಮಿಷನರ್ ಎಂದಿತ್ತು. ಶಾನುಭೋಗಿಕೆ ವಂಶಪಾರಂಪರ್ಯದ್ದು; ಹುದ್ದೆಯೂ ಮನೆತನವೂ ಒಂದೇ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ಗಂಟನ್ನು ಬಿಚ್ಚಿತು. ಅಲ್ಲಿಂದ ಮುಂದೆ ಕುರ್ಚಿ ಉಳಿಯುತ್ತದೆ, ಕೂತವರು ಬದಲಾಗುತ್ತಾರೆ. ತಂತ್ರಾಂಶ ಬರೆಯುವವರು ಎಷ್ಟೋ ಸಲ ಮರೆಯುವುದು ಇದನ್ನೇ.

ಮಾಹಿತಿಯನ್ನು ಇಡುವ ಬಗೆ

ಅತಿ ಸರಳ ವಿಧಾನದಲ್ಲಿ ಪ್ರತಿ ನೌಕರನ ಸಾಲಿನಲ್ಲಿ ಮೇಲಧಿಕಾರಿಯ ಸಂಖ್ಯೆಯನ್ನು ಬರೆದಿಡುತ್ತಾರೆ. ಒರಾಕಲ್ ಎಂಬ ದತ್ತಾಂಶ ತಂತ್ರಾಂಶವನ್ನು ಕಲಿತವರೆಲ್ಲ ಇದನ್ನು ಕಂಡಿದ್ದಾರೆ: ಪಾಠಕ್ಕೆಂದು ಕೊಡುವ 14 ಸಾಲಿನ ನೌಕರರ ಕೋಷ್ಟಕದಲ್ಲಿ ‘ಕಿಂಗ್’ ಎಂಬಾತ ಅಧ್ಯಕ್ಷ, ಅವನ ಮೇಲಧಿಕಾರಿಯ ಕಾಲಂ ಖಾಲಿ. ಹೀಗೆ ಇಟ್ಟ ಮಾಹಿತಿಯಲ್ಲಿ ನೇರ ಅಧೀನರನ್ನು ಹುಡುಕುವುದು ಸುಲಭ. ಅಧೀನರ ಅಧೀನರು, ಅವರ ಅಧೀನರು ಎಂದು ಇಳಿಯುತ್ತ ಹೋಗಲು ಕ್ವೆರಿ, ಅಂದರೆ ದತ್ತಾಂಶಕ್ಕೆ ಹಾಕುವ ಪ್ರಶ್ನೆ, ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳಬೇಕು. ಒರಾಕಲ್ ಇದಕ್ಕೆ ತನ್ನದೇ ‘ಕನೆಕ್ಟ್ ಬೈ’ ಸೌಲಭ್ಯವನ್ನು ಮೊದಲೇ ಕೊಟ್ಟಿತ್ತು. ಎಸ್‌ಕ್ಯೂಎಲ್ ಭಾಷೆಯ 1999ರ ಪ್ರಮಾಣಕದಲ್ಲಿ ‘ವಿತ್ ರಿಕರ್ಸಿವ್’ ಎಂಬ ರೂಪ ಎಲ್ಲರಿಗೂ ಸೇರಿತು.

ಇಳಿಯುವ ಶ್ರಮ ಬೇಡವೆನ್ನುವವರು ದಾರಿಯನ್ನೇ ಬರೆದಿಡುತ್ತಾರೆ: ಹಾಸನ/ಸಕಲೇಶಪುರ/ಬೇಲೂರು/ ಎಂದು ಶುರುವಾಗುವ ಎಲ್ಲ ಸಾಲುಗಳೂ ಬೇಲೂರಿನವು. ಓದಲು ಇದು ಬಲು ಚೆನ್ನ, ಆದರೆ ಒಂದು ತಾಲ್ಲೂಕನ್ನು ಬೇರೆ ಉಪವಿಭಾಗಕ್ಕೆ ಸೇರಿಸಿದ ದಿನ ಸಾವಿರಾರು ಸಾಲು ತಿದ್ದಬೇಕು. ಎಸ್‌ಕ್ಯೂಎಲ್ ಲೇಖಕ ಜೋ ಸೆಲ್ಕೊ ಜನಪ್ರಿಯಗೊಳಿಸಿದ ‘ನೆಸ್ಟೆಡ್ ಸೆಟ್’ ವಿಧಾನದಲ್ಲಿ ಪ್ರತಿಯೊಬ್ಬರಿಗೂ ಎಡ–ಬಲ ಎಂದು ಎರಡು ಅಂಕಿ. ಹುಡುಕಾಟ ಮಿಂಚಿನ ವೇಗದ್ದು. ನಡುವೆ ಒಬ್ಬ ಹೊಸಬ ಬಂದರೆ ಮಾತ್ರ ಅವನ ಬಲಕ್ಕಿರುವ ಅಂಕಿಗಳೆಲ್ಲ ಕದಲುತ್ತವೆ. ಮೇ–ಜೂನ್ ವರ್ಗಾವಣೆಯ ಸುಗ್ಗಿ ನಡೆಯುವ ನಾಡಿಗೆ ಇದು ಹೊಂದುವ ಉಡುಪಲ್ಲ. ಪ್ರತಿಯೊಬ್ಬ ಮೇಲಿನವನಿಗೂ ಅವನ ಕೆಳಗಿನ ಪ್ರತಿಯೊಬ್ಬನಿಗೂ ಒಂದೊಂದು ಜೋಡಿ ಬರೆದಿಡುವ ‘ಕ್ಲೋಷರ್ ಟೇಬಲ್’ ಜಾಗ ತಿನ್ನುತ್ತದೆ, ಆದರೆ ಜೋಡಿಯ ಪಕ್ಕದಲ್ಲಿ ‘ಯಾವಾಗಿನಿಂದ, ಯಾವಾಗಿನವರೆಗೆ’ ಎಂದು ದಿನಾಂಕ ಹಾಕಲು ಅನುಕೂಲ. ಈ ಲೇಖಕನ ಒಲವು ಅದರ ಕಡೆಗೇ.

ಕಂಪನಿಗಳಲ್ಲಿ ಈ ಮಾಹಿತಿ ಸಾಮಾನ್ಯವಾಗಿ ದೂರು ತಂತ್ರಾಂಶದ ಹೊರಗೆ, ನೌಕರರ ಡೈರೆಕ್ಟರಿಯಲ್ಲಿರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಎಲ್‌ಡ್ಯಾಪ್ ಪದ್ಧತಿಯ ನೌಕರ ದಾಖಲೆಯಲ್ಲಿ ‘ಮ್ಯಾನೇಜರ್’ ಎಂಬ ಅಂಕಣವಿದೆ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಇದರ ಉಲ್ಟಾ ಕೊಂಡಿಯನ್ನೂ ತೋರಿಸುತ್ತದೆ. ನೇರ ಅಧೀನರ ಪಟ್ಟಿಯನ್ನು ಯಾರೂ ತುಂಬಬೇಕಿಲ್ಲ, ಅದು ತಾನೇ ಎಣಿಸಿಕೊಳ್ಳುತ್ತದೆ. 1998ರ ಬಗ್‌ಜಿಲ್ಲಾ ಹುಟ್ಟಿದ್ದು ತಂತ್ರಾಂಶದ ದೋಷಗಳ ಲೆಕ್ಕ ಇಡಲು. ಯಾರು ಯಾರ ಬಾಸ್ ಎಂಬುದು ಅದರ ಚಿಂತೆಯಲ್ಲ. ಅಟ್ಲಾಸಿಯನ್ 2002ರಲ್ಲಿ ಹೊರತಂದ ಜಿರಾ ಎಂಬ ಟಿಕೆಟ್ ತಂತ್ರಾಂಶದ ಹುಡುಕು ಭಾಷೆ ಜೆಕ್ಯೂಎಲ್‌ನಲ್ಲಿ ಒಂದು ಗುಂಪಿನ ಸದಸ್ಯರೆಲ್ಲರ ಟಿಕೆಟ್ ಕೇಳಬಹುದು. ಮ್ಯಾನೇಜರೊಬ್ಬರ ಕೆಳಗಿನವರನ್ನು ಕೇಳಬೇಕೆಂದರೆ ಅವರ ಹೆಸರಿನಲ್ಲಿ ಗುಂಪು ಕಟ್ಟಿ ಡೈರೆಕ್ಟರಿಯಿಂದ ಆಗಾಗ ತುಂಬಿಸುತ್ತಿರುವುದು ರೂಢಿ. ಪೂರಕ ತಂತ್ರಾಂಶ ಹಾಕಿಕೊಳ್ಳುವವರೂ ಇದ್ದಾರೆ. ಸರ್ವಿಸ್‌ನೌ ಎಂಬ ತಂತ್ರಾಂಶ ಬೇರೆ ಹಾದಿ ಹಿಡಿದಿದೆ. ಟಿಕೆಟ್‌ನಿಂದ ಅದನ್ನು ಹೊತ್ತವರಿಗೆ, ಹೊತ್ತವರಿಂದ ಅವರ ಮ್ಯಾನೇಜರಿಗೆ ಚುಕ್ಕಿ ಇಡುತ್ತ ನಡೆದುಹೋಗಬಹುದು. ಒಂದೊಂದು ಚುಕ್ಕಿಗೆ ಒಂದೊಂದೇ ಮೆಟ್ಟಿಲು. ಏಣಿ ಎಷ್ಟು ಎತ್ತರ ಎಂದು ಕೇಳುವವರಿಗೆ ಮೊದಲೇ ಗೊತ್ತಿರಬೇಕು.

ಕರ್ನಾಟಕದ ವ್ಯವಸ್ಥೆಗಳು

2000ದಲ್ಲಿ ಆರಂಭವಾದ ಭೂಮಿ ಯೋಜನೆ ಪಹಣಿಯನ್ನು ಗಣಕೀಕರಿಸಿದ್ದಕ್ಕೆ ಹೆಸರಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಎಂಬ ಕಟ್ಟುಪಾಡನ್ನು ತಂತ್ರಾಂಶದಲ್ಲೇ ಕೂಡಿಸಿದ್ದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಯಾವ ಹಂತದಲ್ಲಿ ಯಾರು ಒಪ್ಪಬೇಕು ಎಂಬುದು ಅಲ್ಲಿ ಬೆರಳಚ್ಚಿಗೆ ಕಟ್ಟಿಹಾಕಿದ ಸಂಗತಿ.

ಶ್ರೇಣಿಯನ್ನು ಕಾಯ್ದೆಯೊಳಗೇ ತಂದದ್ದು ಸಕಾಲ. ನಾಗರಿಕರಿಗೆ ಸೇವಾ ಖಾತರಿ ನೀಡುವ 2011ರ ಅಧಿನಿಯಮದಡಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ ನಡೆದು, 2012ರ ಏಪ್ರಿಲ್ 2ರಂದು ರಾಜ್ಯವಿಡೀ ಜಾರಿಗೆ ಬಂತು. ಮೊದಲು 11 ಇಲಾಖೆಗಳ 151 ಸೇವೆಗಳಿದ್ದವು. ಪ್ರತಿ ಸೇವೆಗೂ ಮೂವರನ್ನು ಹುದ್ದೆಯ ಹೆಸರಿನಲ್ಲಿ ಗುರುತಿಸಲಾಗಿದೆ: ಸೇವೆ ಕೊಡಬೇಕಾದವರು, ತಡವಾದರೆ ಕೇಳಬೇಕಾದ ಸಕ್ಷಮ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಪ್ರಾಧಿಕಾರ. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಇಲ್ಲಿ ಮರ ಇಡೀ ಇಲಾಖೆಯದಲ್ಲ, ಸೇವೆಗೊಂದು ಪುಟ್ಟ ಗಿಡ, ಮೂರೇ ಗೆಣ್ಣು. ತಂತ್ರಜ್ಞರ ಕಣ್ಣಿಗೆ ಇದು ತೀರ ಸರಳ ಎನಿಸಬಹುದು. ಅದು ಬಾಳಿದ್ದೂ ಆ ಸರಳತೆಯಿಂದಲೇ. ಸರ್ಕಾರಿ ಇಲಾಖೆಯ ಪೂರ್ತಿ ಮರವನ್ನು ಸರಿಯಾಗಿ ಬರೆಯುವ ಹೊತ್ತಿಗೆ ಅದು ಬದಲಾಗಿರುತ್ತದೆ.

ಕೇಂದ್ರ ಸರ್ಕಾರದ ಅಹವಾಲು ವ್ಯವಸ್ಥೆಯಾದ ಸಿಪಿಗ್ರಾಮ್ಸ್ 2007ರಿಂದ ನಡೆಯುತ್ತಿದೆ. ದೂರು ವಿಲೇವಾರಿಯ ಗಡುವನ್ನು 2024ರ ಆಗಸ್ಟಿನಲ್ಲಿ 21 ದಿನಕ್ಕೆ ಇಳಿಸಲಾಯಿತು. ರಾಜ್ಯದಲ್ಲಿ ಇಲಾಖೆಗಳ ಅಹವಾಲುಗಳನ್ನು ಒಂದೇ ಕಡೆ ತರಲು 2021ರಲ್ಲಿ ಜನಸ್ಪಂದನ ವ್ಯವಸ್ಥೆ ಬಂತು, 1902 ಸಹಾಯವಾಣಿಯೊಂದಿಗೆ. ದೂರು ಯಾವ ಇಲಾಖೆಯದು, ಯಾವ ಊರಿನದು ಎಂಬ ಎರಡು ಎಳೆ ಹಿಡಿದು ತಳಮಟ್ಟದ ಅಧಿಕಾರಿಯನ್ನು ಹುಡುಕುವುದು, ಅಲ್ಲಿ ಇತ್ಯರ್ಥವಾಗದಿದ್ದರೆ ಒಂದೊಂದೇ ಹಂತ ಮೇಲಕ್ಕೆ ಕಳಿಸುವುದು ಇಂಥ ವ್ಯವಸ್ಥೆಗಳ ತಿರುಳು. ಹಾಗಾಗಿ ಬೇಕಾದ ಕೋಷ್ಟಕಗಳು ಎರಡು: ಭೂಗೋಳದ್ದೊಂದು, ಅಧಿಕಾರದ್ದೊಂದು. ಹಗರೆಯ ದೂರಿಗೆ ಊರು ಗೊತ್ತಾದ ಕೂಡಲೇ ಅಧಿಕಾರಿ ಗೊತ್ತಾಗುವುದಿಲ್ಲ. ‘ಯಾವ ಇಲಾಖೆ’ ಎಂಬುದಕ್ಕೆ ಉತ್ತರ ಬರುವವರೆಗೆ ಬೀದಿದೀಪದ ಮೂರು ಮರಗಳೂ ಕಾಯುತ್ತ ನಿಂತಿರುತ್ತವೆ.

ಸರ್ಕಾರಿ ನೌಕರರ ಮಾಹಿತಿಯಂತೂ ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಈಗಾಗಲೇ ಇದೆಯಲ್ಲ, ಅದನ್ನೇ ತಂದು ಜೋಡಿಸಿದರಾಯಿತು ಎಂದು ಹೊಸಬರಿಗೆ ತೋಚುತ್ತದೆ. ಅಲ್ಲಿ ಪ್ರತಿ ನೌಕರನಿಗೂ ಕೆಜಿಐಡಿ ಸಂಖ್ಯೆ ಇದೆ, ಸಂಬಳ ಸೆಳೆಯುವ ಬಟವಾಡೆ ಅಧಿಕಾರಿ ಯಾರೆಂದಿದೆ. ಆದರೆ ಬಟವಾಡೆಯ ಮರವೂ ಕೆಲಸದ ಮರವೂ ಒಂದೇ ಅಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ದಿನನಿತ್ಯದ ಮೇಲಧಿಕಾರಿ ಮುಖ್ಯಶಿಕ್ಷಕರು; ಸಂಬಳದ ಬಿಲ್ಲು ಹೋಗುವುದು ಬಿಇಒ ಕಚೇರಿಯಿಂದ. ನಿಯೋಜನೆಯ ಮೇಲೆ ಬೇರೆ ಕಚೇರಿಯಲ್ಲಿ ಕೂತವರ ಸಂಬಳ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಸಂಬಳದ ಮರದ ಮೇಲೆ ದೂರಿನ ಕ್ವೆರಿ ಓಡಿಸಿದರೆ ಉತ್ತರ ಬರುತ್ತದೆ, ಅದೂ ದಶಾಂಶ ಸಮೇತ. ತಪ್ಪು ಉತ್ತರ, ಅಷ್ಟೆ.

ಪ್ರಭಾರದ ಕುಣಿಕೆ

ಈ ವಿಷಯದಲ್ಲಿ ಕರ್ನಾಟಕದ ಕಚೇರಿಗಳು ಜಗತ್ತಿಗೆ ಕಲಿಸಬಹುದಾದ ಪಾಠವೊಂದಿದ್ದರೆ ಅದು ಪ್ರಭಾರ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ 32ನೇ ನಿಯಮದಡಿ ಕೆಳಹುದ್ದೆಯವರನ್ನು ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರದಲ್ಲಿ ಕೂರಿಸಬಹುದು. 68ನೇ ನಿಯಮದಡಿ ತಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನು ಹೆಚ್ಚುವರಿಯಾಗಿ ಹೊರಿಸಬಹುದು. ಖಾಲಿ ಹುದ್ದೆಗಳ ಕಾಲದಲ್ಲಿ ಇದು ಅಪರೂಪದ ಏರ್ಪಾಡಲ್ಲ.

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಒಬ್ಬ ಶಾಖಾಧಿಕಾರಿಗೆ ಅವರ ಮೇಲಿನ ಉಪವಿಭಾಗದ ಹೆಚ್ಚುವರಿ ಪ್ರಭಾರವೂ ಬಂದಿದೆ. ಶಾಖೆಯಲ್ಲಿ ಗಡುವು ಮೀರಿದ ದೂರನ್ನು ತಂತ್ರಾಂಶ ಶಿಸ್ತಾಗಿ ಮೇಲಕ್ಕೆ ಕಳಿಸುತ್ತದೆ. ಮೇಲೆ ಕೂತವರು ಅವರೇ. ‘ನಿಮ್ಮ ಅಧೀನ ಅಧಿಕಾರಿ ಈ ದೂರನ್ನು ಇತ್ಯರ್ಥಪಡಿಸಿಲ್ಲ’ ಎಂಬ ಸಂದೇಶ ಅವರ ಮೊಬೈಲಿಗೇ ಬರುತ್ತದೆ. ಕಡತ ಹೆಜ್ಜೆ ಮುಂದಿಟ್ಟಿದೆ, ಮೇಜು ಬದಲಾಗಿಲ್ಲ. ಶ್ರೇಣಿಯನ್ನು ವ್ಯಕ್ತಿಯ ಹೆಸರಿಗೆ ಕಟ್ಟಿದ್ದರೆ ಫಜೀತಿ ಇನ್ನೂ ದೊಡ್ಡದು: ತನ್ನ ಮೇಲಧಿಕಾರಿ ತಾನೇ ಎಂಬ ಸಾಲು ಕೋಷ್ಟಕದಲ್ಲಿ ಕೂತು, ಕೆಳಕ್ಕೆ ಇಳಿಯುತ್ತ ಹೋಗುವ ಕ್ವೆರಿ ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ಒರಾಕಲ್‌ನ ‘ನೋಸೈಕಲ್’, ಪೋಸ್ಟ್‌ಗ್ರೆಸ್ ದತ್ತಾಂಶ ತಂತ್ರಾಂಶದ 2021ರ 14ನೇ ಆವೃತ್ತಿಯಲ್ಲಿ ಬಂದ ‘ಸೈಕಲ್’ ಷರತ್ತು ಇರುವುದು ಈ ಗಾಣ ನಿಲ್ಲಿಸಲು. ಗಾಣ ನಿಂತೀತು, ಆದರೆ ದೂರು ಯಾರ ಮುಂದೆ ಹೋಗಬೇಕು ಎಂಬುದನ್ನು ಆ ಷರತ್ತು ಹೇಳಲಾರದು.

ಪರಿಹಾರ ಕಷ್ಟದ್ದಲ್ಲ. ಮರವನ್ನು ಹುದ್ದೆಗಳಿಂದ ಕಟ್ಟಬೇಕು. ಯಾವ ಹುದ್ದೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಯಾರಿದ್ದರು ಎಂಬುದನ್ನು ಬೇರೆ ಕೋಷ್ಟಕದಲ್ಲಿ ಇಡಬೇಕು. ದೂರು ಮೇಲಕ್ಕೆ ಹೋಗುವಾಗ ಮೇಲಿನ ಹುದ್ದೆಯಲ್ಲೂ ಅದೇ ವ್ಯಕ್ತಿ ಇದ್ದರೆ ಇನ್ನೊಂದು ಮೆಟ್ಟಿಲು ಹತ್ತಿಸಬೇಕು. ಹುದ್ದೆಗೆ ಅರ್ಥವಿಲ್ಲದ ಒಂದು ಸಂಖ್ಯೆ ಕೊಡುವುದು ಕ್ಷೇಮ, ಏಕೆಂದರೆ ಹುದ್ದೆಯ ಹೆಸರೂ ಸ್ಥಿರವಲ್ಲ. ಗ್ರಾಮ ಲೆಕ್ಕಿಗರು ಗ್ರಾಮ ಲೆಕ್ಕಾಧಿಕಾರಿಗಳಾಗಿ, ಈಗ ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದಾರೆ. ಹೆಸರನ್ನೇ ಬೀಗದ ಕೈಯಾಗಿ ಬಳಸಿದ ತಂತ್ರಾಂಶಕ್ಕೆ ಇವರು ಮೂವರು.

‘ಯಾವ ದಿನ’ ಎಂಬುದು ಕ್ವೆರಿಯಲ್ಲಿ ಬಾರದಿದ್ದರೆ ಅನ್ಯಾಯವೂ ಆಗುತ್ತದೆ. ಮಾರ್ಚಿನಲ್ಲಿ ಬಂದ ದೂರು, ಜೂನ್‌ನಲ್ಲಿ ವರ್ಗಾವಣೆಯಾಗಿ ಬಂದ ಅಧಿಕಾರಿ, ಜುಲೈಯಲ್ಲಿ ಬಾಕಿಯ ಪರಿಶೀಲನೆ. ಇಂದಿನ ಮರವನ್ನು ಹಿಡಿದು ಎಣಿಸಿದರೆ ಮೂರು ತಿಂಗಳ ಬಾಕಿ ಹೊಸಬರ ತಲೆಗೆ. ಹಿಂದಿನವರು ಹಾರ ಹಾಕಿಸಿಕೊಂಡು ಹೋದ ಊರಿನಲ್ಲಿ ಅವರ ಪಟ್ಟಿ ಸ್ವಚ್ಛ. ದೂರು ಬಂದ ದಿನದ ಮರ, ಗಡುವು ಮೀರಿದ ದಿನದ ಮರ, ಇಂದಿನ ಮರ ಈ ಮೂರರಲ್ಲಿ ಯಾವುದನ್ನು ಹಿಡಿದು ಕೇಳುತ್ತಿದ್ದೇವೆ ಎಂದು ವರದಿಯ ತಲೆಬರಹದಲ್ಲೇ ಬರೆಯುವುದು ಒಳ್ಳೆಯ ಅಭ್ಯಾಸ. ಯಾರಿಗೆ ಕೆಲಸ ಹೇಳಬೇಕು ಎನ್ನಲು ಇಂದಿನ ಮರ ಸಾಕು. ಯಾರು ಹೊಣೆ ಎನ್ನಲು ಗಡುವು ಮೀರಿದ ದಿನದ್ದೇ ಬೇಕು.

ಎಣಿಕೆ ಮತ್ತು ಕಣ್ಣು

ಒಬ್ಬ ನೌಕರನಿಗೆ ಆಡಳಿತದ ಮೇಲಧಿಕಾರಿ ಒಬ್ಬರು, ತಾಂತ್ರಿಕ ಮೇಲಧಿಕಾರಿ ಇನ್ನೊಬ್ಬರು ಇರುವಲ್ಲಿ ಅವನ ಹತ್ತು ಟಿಕೆಟ್ ಇಬ್ಬರ ಲೆಕ್ಕದಲ್ಲೂ ಹತ್ತೇ. ಇಬ್ಬರನ್ನೂ ಕೂಡಿದ ವರದಿಯಲ್ಲಿ ಇಪ್ಪತ್ತು. ಇದಕ್ಕೆ ಮದ್ದು ಜನರನ್ನು ಎಣಿಸುವ ಬದಲು ಟಿಕೆಟ್ ಸಂಖ್ಯೆಯನ್ನು ಎಣಿಸುವುದು. ಹೆಚ್ಚು ನಾಜೂಕಿನದು ಕಣ್ಣಿನ ಪ್ರಶ್ನೆ: ಮೇಲಧಿಕಾರಿ ಎಂಬ ಕಾರಣಕ್ಕೆ ಕೆಳಗಿನವರ ಎಲ್ಲ ದೂರುಗಳ ಒಳಪಠ್ಯವನ್ನೂ ಓದಬಹುದೇ? ಮೇಲಧಿಕಾರಿಯ ವಿರುದ್ಧವೇ ಬಂದ ದೂರು ಅದೇ ಮರದಲ್ಲಿ ಹತ್ತಿ ಅವರ ಕೈಗೇ ತಲುಪಬಾರದಲ್ಲ. ಇಂಥವನ್ನು ಮರದ ಹೊರಗೆ, ಬೇರೆ ಕೊಳವೆಯಲ್ಲಿ ಕಳಿಸಬೇಕಾಗುತ್ತದೆ. ಬಾಕಿ ಸಂಖ್ಯೆಯೊಂದೇ ಅಧಿಕಾರಿಯ ಅಳತೆಗೋಲಾದರೆ ‘ಇತ್ಯರ್ಥ’ ಎಂದು ಒತ್ತಿ ಮುಚ್ಚುವುದು ಎಲ್ಲಕ್ಕಿಂತ ಸುಲಭದ ಕೆಲಸವಾಗುತ್ತದೆ. ಮತ್ತೆ ತೆರೆದ ದೂರುಗಳನ್ನು ಅದೇ ಶ್ರೇಣಿಯಲ್ಲಿ ಬೇರೆಯಾಗಿ ಎಣಿಸುವ ಕ್ವೆರಿಯನ್ನೂ ಜೊತೆಗೆ ಓಡಿಸಬೇಕು.

ಕೆಳಗಿನಿಂದ ಮೇಲಕ್ಕೆ ಕೇಳುವ ಪ್ರಶ್ನೆ ಅರ್ಜಿದಾರನದು: ನನ್ನ ಕಾಗದ ಈಗ ಯಾರ ಮೇಜಿನ ಮೇಲಿದೆ, ಅವರ ಮೇಲೆ ಯಾರು? ಸಕಾಲದ 15 ಅಂಕಿಯ ಸಂಖ್ಯೆ ಇದಕ್ಕೆ ಅರ್ಧ ಉತ್ತರ. ಉಳಿದರ್ಧಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣವಿದೆ. ಅಧಿಕಾರಿ–ನೌಕರರ ಹೆಸರುಪಟ್ಟಿಯನ್ನೂ, ತೀರ್ಮಾನ ಕೈಗೊಳ್ಳುವಲ್ಲಿ ಮೇಲ್ವಿಚಾರಣೆ ಮತ್ತು ಹೊಣೆಗಾರಿಕೆ ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನೂ ಪ್ರತಿ ಸಾರ್ವಜನಿಕ ಪ್ರಾಧಿಕಾರ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಅಂದರೆ ಅಧಿಕಾರದ ಮರ ಕಾನೂನಿನ ಪ್ರಕಾರವೇ ಸಾರ್ವಜನಿಕ ದಾಖಲೆ. ಇಲಾಖೆಗಳು ಇದನ್ನು ಪ್ರಕಟಿಸುವುದು ಬಹುಮಟ್ಟಿಗೆ ಪಿಡಿಎಫ್ ರೂಪದಲ್ಲಿ, ಕೆಲವೊಮ್ಮೆ ಸಹಿ–ಮೊಹರು ಬಿದ್ದ ಹಾಳೆಯನ್ನು ಸ್ಕ್ಯಾನ್ ಮಾಡಿ. ಅದರ ಮೇಲೆ ಯಾವ ಕ್ವೆರಿಯೂ ಓಡದು.